ಹೊಸ ವರ್ಷಕ್ಕೆ ಮೊದಲೇ ಸೇತುವೆ ದಾಟಿದ್ದು

ಗ್ಯಾಟಿನೊ
ಜನವರಿ 1

ನನ್ನ ಮುದ್ದು ಬ್ರಿಯೊನಿ,

ಅಮ್ಮ ಫರ್ನಾಂಡ್‌ನ ಮನೆಗೆ ಹಬ್ಬದೂಟಕ್ಕೆ ಹೋಗಿದ್ದಾಳೆ ಎಂದುಕೊಳ್ಳಬೇಡ. ಮೊನ್ನೆಯೇ ಪಾತ್ರೆ, ಹಾಸಿಗೆ ಸಮೇತ ಒಂಟಾರಿಯೊದ ಆಟವಾ ಬಿಟ್ಟು ನದಿ ದಾಟಿ ಕ್ವಿಬೆಕ್‌ಗೆ, ಅವನ ಮನೆಗೇ ಬಂದುಬಿಟ್ಟೆ. ಕೂಗಾಡುವ ಮೊದಲು ಪೂರ್ತಿ ಓದು.

ನೀನು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ ಅಂತಲ್ಲ. ವರ್ಷದ ಕೊನೆಯ ದಿನ ಯಾವ ಪ್ರಾಂತ್ಯದ ನಿವಾಸಿಯೋ, ಇಡೀ ವರ್ಷದ ಸಂಬಳಕ್ಕೆ ಆ ಪ್ರಾಂತ್ಯದ ತೆರಿಗೆ. ನಾನು ದುಡಿಯುವ ಆಸ್ಪತ್ರೆಯ ಅಡುಗೆಮನೆಯವರು ಒಂಟಾರಿಯೊ ಲೆಕ್ಕದಲ್ಲಿ ತೆರಿಗೆ ಮುರಿದುಕೊಂಡಿದ್ದಾರೆ. ಕ್ವಿಬೆಕ್‌ನಲ್ಲಿ ಜಾಸ್ತಿ. ವ್ಯತ್ಯಾಸವನ್ನು ಏಪ್ರಿಲ್‌ನಲ್ಲಿ ನಾನೇ ಕೈಯಿಂದ ಕಟ್ಟಬೇಕು. "ನಾಲ್ಕು ದಿನ ತಡ್ಕೊಳ್ಳೋಕಾಗಲ್ವಾ ಅಮ್ಮ? ಹದಿನೆಂಟರ ಹುಡುಗೀನಾ ನೀನು?" ಎಂದು ಫೋನಿನಲ್ಲಿ ರೇಗಿದೆಯಲ್ಲ, ಒಳಗೊಳಗೇ ಖುಷಿಯಾಯಿತು. ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುವ ಮಗಳು ಅಮ್ಮನ ಪ್ರೀತಿಗೂ ತಾರೀಖು ಗೊತ್ತುಮಾಡುತ್ತಾಳೆ!

ಆದರೂ ನಿನ್ನ ಮಾತೇ ಕೇಳಿದೆ. ಜನವರಿ ಮೂರನೇ ತಾರೀಖಿಗೆ ಹೊರಡುವುದೆಂದು ತೀರ್ಮಾನಿಸಿದ್ದೆ. ನೀನು ಕಲಿಸಿದ್ದನ್ನು ಕೆಲಸದಲ್ಲೂ ಹೇಳಿಕೊಂಡು ತಿರುಗಿದೆ. ನನ್ನ ಜೊತೆ ಸೂಪು ಬೇಯಿಸುವ ವೆಲ್ಮಾ, ಮೇಲಿನ ಸ್ಲ್ಯಾಬಿಗೆ ಹೋದರೆ ಸಂಬಳವೆಲ್ಲ ತೆರಿಗೆಗೇ ಹೋಗುತ್ತದೆಂದು ಓವರ್‌ಟೈಮ್ ಬೇಡ ಅನ್ನುತ್ತಿದ್ದಳು. "ಜಾಸ್ತಿ ದರ ಆ ಮೇಲಿನ ತುಂಡಿಗೆ ಮಾತ್ರ ಕಣೇ, ಇಡೀ ಸಂಬಳಕ್ಕಲ್ಲ" ಎಂದೆ. ಈಗ ಓವರ್‌ಟೈಮ್ ಅಂದರೆ ಮೊದಲು ಕೈಯೆತ್ತುವವಳು ಅವಳೇ.

ಆಮೇಲೆ, ಆಚೆ ಮೊನ್ನೆ, ಲೂಸಿಯೆನ್ ಬಂದಳು. ಫರ್ನಾಂಡ್‌ನ ಅಕ್ಕ. ಹೊಸ ವರ್ಷದ ದಿನ ಅವರ ಬಳಗವೆಲ್ಲ ಒಂದು ಮನೆಯಲ್ಲಿ ಸೇರುತ್ತದೆ, ಈ ಸಲ ಫರ್ನಾಂಡ್‌ನ ಸರದಿ. ಮಾಂಸದ ಕಡುಬು ಮಾಡಲು ನಾನೂ ಇಲ್ಲಿಗೆ ಬಂದಿದ್ದೆ. ಮೂರನೇ ತಾರೀಖಿನ ವಿಷಯ ಕೇಳಿದ್ದೇ ಅವಳು ಸೊಂಟದ ಮೇಲೆ ಕೈಯಿಟ್ಟಳು. "ಮನೆಯೊಡತಿ ಬಾಗಿಲು ತೆಗೀಬೇಕಮ್ಮ, ನೆಂಟರ ಥರ ಬಂದು ಬೆಲ್ ಒತ್ತೋದಲ್ಲ. ತೆರಿಗೆಯವರನ್ನ ಕೇಳಿ ಸಂಸಾರ ಮಾಡ್ತೀಯಾ?"

ಆಲೂಗೆಡ್ಡೆ ಸುಲಿಯುತ್ತಿದ್ದ ಫರ್ನಾಂಡ್ ತಲೆಯೆತ್ತಲಿಲ್ಲ. "ಅವಳ ದುಡಿಮೆ, ಅವಳ ಲೆಕ್ಕ. ಬಾಗಿಲು ನಾನು ತೆಗೀತೀನಿ ಬಿಡು" ಎಂದನಷ್ಟೇ.

ಸಂಜೆ ನನ್ನನ್ನು ಆಟವಾಕ್ಕೆ ಬಿಟ್ಟು, ಕಾಫಿ ಕುಡಿದು ಹೊರಟ. ಬೂಟಿನ ದಾರ ಕಟ್ಟಲು ಅಷ್ಟು ಹೊತ್ತು ಬೇಕೇ? ನನ್ನ ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಕೂತು ಕಟ್ಟುತ್ತಲೇ ಇದ್ದ. ಆಗ ನನಗೆ ನನ್ನ ಮೇಲೇ ನಾಚಿಕೆಯಾಯಿತು, ಬ್ರಿಯೊನಿ. ನಾನು ಹೆದರಿದ್ದು ತೆರಿಗೆಗಲ್ಲ. ನಿನ್ನಪ್ಪ ಹೋದ ಮೇಲೆ ನನ್ನದೇ ಒಂದು ಬಾಗಿಲು, ನನ್ನದೇ ಒಂದು ಬೀಗದ ಕೈ ಇತ್ತು. ಅದನ್ನು ಬಿಟ್ಟುಕೊಡಲು ಹೆದರಿಕೆ. ನಿನ್ನ ಲೆಕ್ಕ ನನಗೆ ಒಳ್ಳೆಯ ನೆಪವಾಗಿತ್ತು.

"ನಿನ್ನ ತಮ್ಮನ ಲಾರಿ ನಾಳೆ ಖಾಲಿ ಇದೆಯಾ?" ಎಂದು ಅವನನ್ನು ಕೇಳಿಬಿಟ್ಟೆ.

ಇವತ್ತು ಎಲ್ಲರಿಗೂ ಬಾಗಿಲು ತೆಗೆದವಳು ನಾನೇ. ಲೂಸಿಯೆನ್ ಬೇಕೆಂದೇ ಎರಡು ಸಲ ಬೆಲ್ ಒತ್ತಿದಳು. ಇನ್ನು ಪ್ರತಿ ಸಂಬಳದಲ್ಲೂ ಸ್ವಲ್ಪ ಹೆಚ್ಚೇ ಮುರಿದುಕೊಳ್ಳಲು ಆಸ್ಪತ್ರೆಯವರಿಗೆ ಹೇಳುತ್ತೇನೆ, ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಪೆಟ್ಟು ಬೀಳದಿರಲಿ. ಕೈಗೆ ಬರುವುದು ಕಡಿಮೆಯಾಗುತ್ತದೆ, ನಿಜ. ಆದರೆ ನಾನು ಸುಖವಾಗಿದ್ದೇನೆ ಮಗಳೇ. ಕಡುಬು ಉಳಿದಿದೆ, ಬೇಗ ಬಾ.

ನಿನ್ನ ಮಾತು ಕೇಳದ ಅಮ್ಮ,
ರೊವೀನಾ

ಮರೆತಿದ್ದೆ: ಇಡೀ ವರ್ಷ ಒಂಟಿಯಾಗಿ ಬಾಳಿದವರಿಗೆ ಕ್ವಿಬೆಕ್‌ನಲ್ಲಿ ತೆರಿಗೆ ರಿಯಾಯಿತಿ ಇದೆಯಂತೆ. ಹೆಂಡತಿ ತೀರಿದಾಗಿನಿಂದ ಫರ್ನಾಂಡ್‌ಗೆ ಅದು ಸಿಗುತ್ತಿತ್ತು. ವರ್ಷದ ಕೊನೆಯಲ್ಲಿ ನಾನು ಬಂದು ಸೇರಿದ್ದರಿಂದ ಅವನ ಇಡೀ ವರ್ಷದ್ದೂ ಹೋಯಿತು. ಇವತ್ತು ಊಟದ ಹೊತ್ತಿಗೆ ಲೂಸಿಯೆನ್ ಬಾಯಿಬಿಟ್ಟಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನನ್ನು ಕೇಳಿದೆ. "ಹೇಳಿದ್ರೆ ಮೂರನೇ ತಾರೀಖೇ ಬರ್ತೀನಿ ಅಂತಿದ್ದೆ" ಎಂದ.