ಶಿವಾನಿಯ ಎರಡು ಹಲ್ಲು

ಕೋಲಾರ, ಮಂಗಳವಾರ

ಅಮ್ಮನಿಗೆ ಸುನಂದಳ ನಮಸ್ಕಾರ.

ಫೋನ್ ಮಾಡಿದರೆ ಅತ್ತು ಮಾತು ಮರೆಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ತಂಗಿ ಶಿವಾನಿಗೆ ಹಲ್ಲು ಕಟ್ಟಿಸಲು ಇಂದು ಎಕ್ಸ್‌ರೇ ತೆಗೆಸಿದೆ. ಚಿಕ್ಕಂದಿನಲ್ಲಿ ಮಾವಿನ ಮರದಿಂದ ಬಿದ್ದಾಗ ಹೋದದ್ದು ಎರಡು ಹಾಲುಹಲ್ಲು. ಅಲ್ಲಿ ವಸಡಿನೊಳಗೆ ಬೇರೆ ಹಲ್ಲಿನ ಮೊಳಕೆಯೇ ಇರಲಿಲ್ಲವಂತೆ. "ಇದು ವಂಶದಲ್ಲಿ ಬರುತ್ತೆ ಅಂತ ನಿಮ್ಮಮ್ಮಂಗೆ ಆಗ್ಲೇ ಹೇಳಿದ್ನಲ್ಲಮ್ಮ," ಎಂದರು ಡಾಕ್ಟರು.

ಆದರೂ ಹದಿನೈದು ವರ್ಷ, ಕೇಳಿದವರಿಗೆಲ್ಲ ನೀನು ಹೇಳಿದ್ದು "ದೊಡ್ಡೋಳು ತಳ್ಬಿಟ್ಳು" ಎಂದೇ. ವಂಶದ ದೋಷವೆಂದರೆ ತಂಗಿಗೆ ಗಂಡು ಸಿಗುವುದಿಲ್ಲ. ನನ್ನ ತಪ್ಪೆಂದರೆ ಯಾರಿಗೂ ನಷ್ಟವಿಲ್ಲ, ಅಲ್ಲವೇ?

ಶುಕ್ರವಾರ ಶ್ರೀನಿವಾಸಪುರದಿಂದ ಮೊದಲ ಬಸ್ಸಿಗೆ ಬಾ. ನೀನು ಕಟ್ಟಿಸಿಕೊಂಡಿರುವುದೂ ಅದೇ ಎರಡು ಹಲ್ಲು, ಡಾಕ್ಟರು ನೋಡಬೇಕಂತೆ. ನಿನ್ನನ್ನು ತಳ್ಳಿದಳೆಂದು ಅಜ್ಜಿ ಹೇಳುತ್ತಿದ್ದ ದೊಡ್ಡಮ್ಮನನ್ನೂ ಕರೆದುಕೊಂಡು ಬಾ.

ನಿನ್ನ ದೊಡ್ಡೋಳು,
ಸುನಂದ