ದೇವರಾದ ಅಂಗಳ

ಶಿರ್ತಾಡಿ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅಕ್ಷಿತಾಳಿಗೆ, ನಿನ್ನ ಸೋದರಮಾವ ಚಿನ್ನಯ್ಯನ ಆಶೀರ್ವಾದ.

ಕಾಂತಿ ಅಕ್ಕನ ಮೊಣಕಾಲು ಈಗ ಹೇಗುಂಟು? ಮಸ್ಕತ್ತಿನಲ್ಲಿ ಎಣ್ಣೆ ಹಚ್ಚುವವರಿಲ್ಲ ಅಂತ ಅವಳ ದೂರು. ನೀನೇ ಹಚ್ಚು ಮಗಾ, ತಾಯಿಯ ಕಾಲು ತಿಕ್ಕಿದರೆ ಚಿತ್ರ ಬಿಡಿಸುವ ಕೈ ಸವೆದು ಹೋಗುವುದಿಲ್ಲ. ಅಳಿಯ ಜಿತೇಶನ ಕೆಮ್ಮು ಬಿಟ್ಟಿತಾ? ಪುಟ್ಟಿ ತೃಷಾ ಮೀನು ತಿನ್ನಲಿಕ್ಕೆ ಕಲಿತಳಾ, ಇನ್ನೂ ಮೊಸರನ್ನದಲ್ಲೇ ಇದ್ದಾಳಾ? ಇಲ್ಲಿ ನಿನ್ನ ಅತ್ತೆ ಅಮ್ಮಣ್ಣಿ ಗಟ್ಟಿಯಾಗಿದ್ದಾಳೆ. ನನ್ನ ಬಿಪಿ ಮಾತ್ರ ಏರಿ ಕೂತಿದೆ. ಯಾಕೆ ಏರಿತು ಅಂತ ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಾದರೆ ಬೈಗುಳವೇ ಹೆಚ್ಚಾಗಿ ವಿಷಯ ಕಡಿಮೆಯಾಗ್ತದೆ, ಅದಕ್ಕೆ ಬರೆದು ಫೋಟೋ ಹೊಡೆದು ಕಳುಹಿಸುತ್ತಿದ್ದೇನೆ.

ಮೂಡುಬಿದಿರೆಯ ಹೊಸ ಪರಂಪರೆ ಭವನಕ್ಕೆ ನೀನು ಬಿಡಿಸಿ ಕಳುಹಿಸಿದ ಚಿತ್ರ ನಿನ್ನ ಚಿತ್ರವಾಗಿ ಉಳಿಯುವ ಲಕ್ಷಣ ನನಗೆ ಕಾಣುವುದಿಲ್ಲ. ಹರಿದು ಹೋಗಿಲ್ಲ, ಕಳವಾಗಿಲ್ಲ. ಅದಕ್ಕಿಂತ ವಿಚಿತ್ರದ್ದು ಆಗಿದೆ.

ಪಾರ್ಸೆಲ್ ಬಿಚ್ಚುವ ದಿನ ಕಮಿಟಿಯವರು ನನ್ನನ್ನೂ ಕರೆದಿದ್ದರು. ಆರಡಿ ಉದ್ದದ ಚಿತ್ರ ಗೋಡೆಗೆ ಒರಗಿಸಿದ್ದಾಯಿತು. ಒಂದು ಕಡೆ ಹಸಿರು ಕಲಸಿದ ಕಪ್ಪು, ಇನ್ನೊಂದು ಕಡೆ ಬೂದಿ, ನಡುವೆ ಎಡದಿಂದ ಬಲಕ್ಕೆ ಬಾಗಿ ಬಾಗಿ ಹೋದ ಪಟ್ಟೆಗಳು. ಖಜಾಂಚಿ ಹತ್ತಿರ ಬಂದು, “ಮೇಲಿನ ಕಾಗದ ತೆಗೆಯಿರಿ ಮಾರಾಯ್ರೆ, ಚಿತ್ರ ನೋಡುವ” ಅಂದ. ಅಧ್ಯಕ್ಷ ತುಕ್ರಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ, “ಚಿನ್ನಯ್ಯಣ್ಣ, ಬೇಜಾರು ಮಾಡಬೇಡಿ, ಇದರಲ್ಲಿ ಪರಂಪರೆ ಎಲ್ಲುಂಟು?” ಅಂತ ಕೇಳಿದರು. ಬಂಟ್ವಾಳದಲ್ಲಿ ಬೋರ್ಡ್ ಬರೆಯುವವನೊಬ್ಬನಿದ್ದಾನಂತೆ, ಅವನಿಂದ ಒಂದು ಯಕ್ಷಗಾನದ ಕಿರೀಟ, ಒಂದು ಜೊತೆ ಕಂಬಳದ ಕೋಣ ಹಾಕಿಸಿದರೆ ಸರಿಹೋಗ್ತದಂತೆ. ಜಾಗ ಬೇಕಾದಷ್ಟು ಖಾಲಿ ಉಂಟಲ್ಲ ಅಂದರು. ಖಾಲಿಯಂತೆ.

ನೀನು ನನಗೆ ಹೇಳಿದ್ದನ್ನೇ ನಾನು ಅವರಿಗೆ ಹೇಳಿದೆ: ಇದು ಅಂಗಳ, ಸೆಗಣಿ ಸಾರಿಸಿ ಒಣಗುತ್ತಾ ಬರುವಾಗಿನ ನಮ್ಮ ಮನೆ ಅಂಗಳ, ಆ ಪಟ್ಟೆಗಳು ನಿನ್ನ ಅಮ್ಮನ ಕೈ ಹೋದ ದಾರಿ. ಅದಕ್ಕೆ ಖಜಾಂಚಿ, “ಸೆಗಣಿಯಾ? ಉದ್ಘಾಟನೆಗೆ ಸ್ವಾಮೀಜಿ ಬರ್ತಾರೆ ಮಾರಾಯ್ರೆ” ಅಂದ. ಅಲ್ಲಿಗೆ ನನ್ನ ತಲೆ ಕೆಟ್ಟಿತು. ನೀವೆಲ್ಲ ನಾಗಬನದ ಹಳೇ ಕಲ್ಲಿಗೆ ಹಾಲೆರೆಯುವವರಲ್ಲವಾ, ಆ ಕಲ್ಲಿಗೆ ಕಣ್ಣುಂಟಾ, ಮೂಗುಂಟಾ, ಅಲ್ಲಿ ಹೋಗಿ ಕೋಣ ಎಲ್ಲಿ ಅಂತ ಕೇಳ್ತೀರಾ ಅಂತ ಕೂಗಿಯೇ ಬಿಟ್ಟೆ. ಗೆದ್ದೆ ಅಂದುಕೊಂಡೆ. ತುಕ್ರಪ್ಪ ಚಿತ್ರವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಮತ್ತೆ ಮೆಲ್ಲ ಚಪ್ಪಲಿ ಕಳಚಿದರು. “ಮೊದಲೇ ಹೇಳಬಾರದಿತ್ತಾ ಚಿನ್ನಯ್ಯಣ್ಣ” ಅಂದರು.

ಅಲ್ಲ, ಹಾಗಲ್ಲ, ಅದು ಹೋಲಿಕೆ ಮಾತ್ರ ಅಂತ ನಾನು ಎಷ್ಟು ಬಡಕೊಂಡರೂ ಯಾರು ಕೇಳ್ತಾರೆ? ವಾರದೊಳಗೆ ಚಿತ್ರವನ್ನು ಪೂರ್ವಕ್ಕೆ ಮುಖ ಮಾಡಿ ತೂಗುಹಾಕಿದರು. ಕೆಳಗೆ ದೀಪ, ಮೇಲೆ ಅಡಿಕೆ ಹೂವಿನ ಹಿಂಗಾರದ ಮಾಲೆ, ಎದುರಿಗೆ ಕಾಣಿಕೆ ಡಬ್ಬಿ. ಕೋಣಕ್ಕೆ ಜಾಗ ಖಾಲಿ ಉಂಟು ಅಂದವರೇ ಈಗ ಅದೇ ಪಟ್ಟೆಗಳಲ್ಲಿ ಹೆಡೆ ಲೆಕ್ಕ ಮಾಡುತ್ತಾರೆ, ಒಬ್ಬನಿಗೆ ಐದು, ಇನ್ನೊಬ್ಬನಿಗೆ ಏಳು. ಮೊನ್ನೆ ಬೆಳ್ತಂಗಡಿಯಿಂದ ಒಂದು ಕುಟುಂಬ ಟೆಂಪೋ ಮಾಡಿಕೊಂಡು ಬಂದಿತ್ತು, ಮಗಳ ಚರ್ಮರೋಗಕ್ಕೆ ಹರಕೆ ಹೇಳಲಿಕ್ಕೆ. ಅವರಿಗೆ ಜಾಗ ಬಿಟ್ಟು ನಾನು ಹೊರಗೆ ಬಂದೆ. ನಾಗನಲ್ಲಿ ನನಗೆ ಭಕ್ತಿ ಇಲ್ಲವೆಂದಲ್ಲ, ನಿನಗೇ ಗೊತ್ತುಂಟು. ನಾಗನಿಗೆ ಅವನದ್ದೇ ಬನ ಉಂಟು. ನನ್ನ ಸಿಟ್ಟು ಬೇರೆ. ಕೋಣ ಬೇಕು ಅನ್ನುವಾಗ ಇವರು ಚಿತ್ರ ನೋಡಲಿಲ್ಲ. ಈಗಲೂ ನೋಡುವುದಿಲ್ಲ, ಎದುರು ಬಂದ ಕೂಡಲೇ ಕಣ್ಣು ಮುಚ್ಚುತ್ತಾರೆ.

ಇದು ನನ್ನ ಅಕ್ಕನ ಕೈ ಅಂತ ತುಕ್ರಪ್ಪನಿಗೆ ಇನ್ನೊಮ್ಮೆ ಹೇಳಿದ್ದಕ್ಕೆ, “ಕೈ ಯಾರದ್ದಾದರೇನು, ಹಿಡಿದು ಆಡಿಸಿದ್ದು ಅವನಲ್ಲವಾ” ಅಂದರು. ಮನೆಗೆ ಬಂದು ಇದನ್ನು ಹೇಳಿದರೆ ಅಮ್ಮಣ್ಣಿ ತರಕಾರಿ ಹೆಚ್ಚುವುದನ್ನು ಬಿಟ್ಟು, “ಅತ್ತಿಗೆ ಸೊಂಟ ಬಗ್ಗಿಸಿ ಅಂಗಳ ಸಾರಿಸುವಾಗ ಇವರಲ್ಲಿ ಒಬ್ಬನಾದರೂ ಚಪ್ಪಲಿ ಬಿಟ್ಟು ಬಂದದ್ದುಂಟಾ? ಒದ್ದೆಯ ಮೇಲೆಯೇ ಮೆಟ್ಟಿಕೊಂಡು ಹೋಗುತ್ತಿದ್ದರು” ಅಂದಳು. ಅವಳಿಗೆ ನಿನ್ನ ಚಿತ್ರ ಕಂಡಿದೆ. ನನಗೆ, ನಿಜ ಹೇಳಬೇಕಾದರೆ, ಪೂರ್ತಿ ಕಾಣುವುದಿಲ್ಲ. ಬೂದಿ ಬಣ್ಣ ಶುರುವಾಗುವಲ್ಲಿ, ಅಂಚಿನಲ್ಲಿ ಮಾತ್ರ, ಅಂಗಳ ಒಣಗುವ ವಾಸನೆ ಬಂದ ಹಾಗೆ ಆಗ್ತದೆ. ಅಷ್ಟು ಸಾಕು ಅಂತ ಇಟ್ಟುಕೊಂಡಿದ್ದೇನೆ. ಬಾಯಿ ಬಿಟ್ಟು ಕೆಡಿಸಿದವನೂ ನಾನೇ, ಅದನ್ನು ಬೇರೆ ಯಾರೂ ಹೇಳುವುದು ಬೇಡ.

ಜಿತೇಶನಿಗೆ ನನ್ನ ನೆನಪು ಹೇಳು. ತೃಷಾಳಿಗೆ ಮುತ್ತು. ಅಕ್ಕನಿಗೆ ಅವಳ ಅಂಗಳಕ್ಕೆ ಕಾಣಿಕೆ ಬೀಳುತ್ತಿದೆ ಅಂತ ಹೇಳು, ನಗುತ್ತಾಳೋ ಅಳುತ್ತಾಳೋ ನೋಡುವ. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಮಾವ,
ಚಿನ್ನಯ್ಯ

ತಾ.ಕ.: ಮುಖ್ಯ ವಿಷಯವನ್ನೇ ಬಿಟ್ಟಿದ್ದೆ. ಕೆಳಗಿನ ಮೂಲೆಯಲ್ಲಿ ನೀನು ಬರೆದ ನಿನ್ನ ಹೆಸರನ್ನು ಭಾನುವಾರ ಬಣ್ಣ ಹಚ್ಚಿ ಮುಚ್ಚುತ್ತಾರಂತೆ. ದೇವರ ಪಾದದಡಿ ಮನುಷ್ಯರ ಹೆಸರು ಇರಬಾರದಂತೆ. ಮನೆಗೆ ಹಿರಿಯ ನೀವು, ಒಪ್ಪಿಗೆ ಕೊಡಿ ಅಂತ ಬಂದು ಕೂತಿದ್ದರು. ಅವಳ ಹೆಸರು ಅಳಿಸಲಿಕ್ಕೆ ನಾನು ಯಾರು ಅಂದೆ. ಹಾಗಾದರೆ ಅವಳೇ ಬೇಡ ಅಂತ ಬರೆಯಲಿ, ಇಲ್ಲದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ ಅಂತ ಹೇಳಿ ಚಹಾ ಕುಡಿದು ಹೋದರು. ನೀನು ಬೇಡ ಅನ್ನುವುದಾದರೆ ನಿನ್ನ ಕೈಯಾರೆ ಎರಡು ಸಾಲು ಬರೆದು ಕಳುಹಿಸು, ಅದನ್ನು ಹಿಡಿದುಕೊಂಡು ಆ ಮೂಲೆಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಬರೆಯದಿದ್ದರೂ ನಿಲ್ಲುತ್ತೇನೆ, ಆದರೆ ಆಗ ನಾನು ಬರೀ ಸಿಟ್ಟಿನ ಮುದುಕ. ಶನಿವಾರದೊಳಗೆ ಸಿಗುವ ಹಾಗೆ ಬೇಗ ಬರೆ ಮಗಾ.