ಸೊಸೆಗೂ ಸೂಟಿ

ಖಾನಾಪುರ
ಗುರುವಾರ, ೧೭ ಏಪ್ರಿಲ್ ೨೦೨೫

ಪ್ರೀತಿಯ ನಾಗರತ್ನಾ,

ಅತ್ತೆ ಪತ್ರ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಿನ್ನ ಗಂಡನ ಎರಡು ಬೆರಳು ಬಿಟ್ಟರೆ. ಅದರ ವಿಷಯ ಆಮೇಲೆ. ಮೊದಲು ನಿನ್ನ ಕುತ್ತಿಗೆ ನೋವು ಹೇಗಿದೆ ಹೇಳು. ದಿನವೆಲ್ಲ ಸೊಸೈಟಿಯ ಕಂಪ್ಯೂಟರಿಗೆ ತಲೆ ಬಗ್ಗಿಸಿ, ಮನೆಗೆ ಬಂದು ಒಲೆಗೆ ಬಗ್ಗಿಸಿದರೆ ಕುತ್ತಿಗೆ ಉಳಿಯುವುದು ಎಲ್ಲಿಂದ? ನಿಮ್ಮ ಅವ್ವನ ಮೊಣಕಾಲು ಹೇಗಿದೆ? ವಡಗಾವಿಯ ನಿಮ್ಮ ಓಣಿಯ ಮಗ್ಗದ ಸದ್ದಿನಲ್ಲಿ ನಿದ್ದೆ ಬರುತ್ತಿದೆಯೇ? ಕೇಳುತ್ತಲೇ ಬೆಳೆದ ಸದ್ದು, ಬರುತ್ತಿರಬೇಕು. ನಾನು ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆ ಹತ್ತಿ ನಿಂತರೆ ಮಾತ್ರ. ನನ್ನ ವಯಸ್ಸಿನವಳು ಬಾವಿಕಟ್ಟೆ ಹತ್ತಿದರೆ ನೋಡಿದವರು ಬೇರೆಯೇ ತಿಳಿದುಕೊಂಡಾರು. ಅಲ್ಲದೆ ಫೋನಿನಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಪೆನ್ನು ಹಿಡಿದರೆ ನಾಲ್ಕನೇ ಇಯತ್ತೆ ಓದಿದ ಕೈ, ಒಂದು ಬೈಗುಳ ಬರೆದು ಮುಗಿಸುವಷ್ಟರಲ್ಲಿ ಸಿಟ್ಟೇ ಇಳಿದಿರುತ್ತದೆ. ಒತ್ತಕ್ಷರಗಳನ್ನು ಐಶ್ವರ್ಯಾ ತಿದ್ದಿದ್ದಾಳೆ. ನಿನ್ನ ಮಗಳು ನನ್ನನ್ನು ನಿನಗಿಂತ ಜೋರಾಗಿ ಗದರಿಸುತ್ತಾಳೆ, ತಿಳಿದಿರಲಿ.

ನೀನು ಸಿಟ್ಟಾಗಿ ಹೋದದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಅಂದು ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ನನ್ನ ಮಗ ಗುರುಸಿದ್ದ ಮೊಬೈಲ್ ಹಿಡಿದು ಕುಣಿದಾಡಿದ್ದನ್ನು ನಾನೂ ಕಂಡೆನಲ್ಲ. ಗೋವಾದ ಹೋಟೆಲಿನಲ್ಲಿ ಎರಡು ರೂಮು, ಮೂರು ಹೊತ್ತಿನ ಊಟ ಎಂದರೆ ಮೂರು ದಿನಕ್ಕೇ ಕಿಸೆ ಖಾಲಿ. ಅದರ ಅರ್ಧ ದುಡ್ಡಿಗೆ ಖಾನಾಪುರದಲ್ಲಿ ಇಡೀ ಮನೆ ಒಂದು ವಾರ ಬಾಡಿಗೆಗೆ ಸಿಗುತ್ತದೆ ಎಂದ. “ಗ್ಯಾಸ್ ಅದ, ಫ್ರಿಜ್ ಅದ, ಭಾಂಡೆ ಪಾತ್ರೆ ಎಲ್ಲಾ ಅದಾವ. ಹೊರಗ ಉಣ್ಣೂ ಖರ್ಚ ಪೂರಾ ಉಳೀತೈತಿ!” ನೀನು ಸಣ್ಣ ದನಿಯಲ್ಲಿ “ಅಡಗಿ ಯಾರ ಮಾಡೂದ್ರಿ?” ಎಂದು ಕೇಳಿದೆ. ಆ ಕೋಣ ನಕ್ಕು “ನೀ ಅದೀಯಲ್ಲ!” ಎಂದಿತು. ನೀನು ಚೀಲಕ್ಕೆ ತುಂಬಿದ್ದ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ. “ನೀವು ಹೋಗಿ ಬರ್ರಿ. ವರ್ಷಕ್ಕೊಮ್ಮೆ ಸಿಗೂ ಸೂಟಿ ನಂದು, ನಾ ಮಲ್ಕೊಂಡ ಕಳೀತೀನಿ” ಎಂದು, ವಾಪಸ್ ಯಾವಾಗ ಬರುತ್ತೀ ಎಂದೂ ಹೇಳದೆ ತವರಿಗೆ ಹೋದೆ. ಮುಂಗಡ ಕೊಟ್ಟಾಗಿದೆ ಎಂದು ಇವನು ನಮ್ಮನ್ನು ಗಾಡಿಯಲ್ಲಿ ತುಂಬಿಕೊಂಡು ಬಂದ.

ಮನೆಗೆ ಹೆಸರಿಡುವಂತಿಲ್ಲ, ಕೊರತೆ ಏನೂ ಇಲ್ಲ, ಖರೇ ಹೇಳುತ್ತೇನೆ. ಕೆಂಪು ನೆಲ, ಉದ್ದನೆಯ ಪಡಸಾಲೆ, ಹಿತ್ತಿಲಲ್ಲಿ ಗೇರು ಮರ. ಹೋಟೆಲಿನಲ್ಲಾದರೆ ನಿಮ್ಮ ಮಾವ ಲಿಂಗಪೂಜೆಗೆ ಕೂತಾಗ ಯಾರಾದರೂ ಬಾಗಿಲು ಬಡಿದು ಟವೆಲ್ ಬೇಕೇ ಎಂದು ಕೇಳುತ್ತಾರೆ. ಇಲ್ಲಿ ಎಷ್ಟು ಹೊತ್ತು ಕೂತರೂ ಕೇಳುವವರಿಲ್ಲ. ದುಡ್ಡೂ ಉಳಿಯುವುದು ಸುಳ್ಳಲ್ಲ. ಆದರೆ ಆ ದುಡ್ಡು ಯಾರ ರಟ್ಟೆಯಿಂದ ಉಳಿಯುತ್ತದೆ ಎಂಬ ಲೆಕ್ಕ ನಿನ್ನ ಗಂಡನ ಮೊಬೈಲಿನಲ್ಲಿ ಇರಲಿಲ್ಲ. ಮೊದಲ ದಿನ ಬಂದು ಕಾಲು ತೊಳೆದವನೇ “ಅವ್ವಾ, ಚಾ ಇಡ್ತೀಯೇನು?” ಎಂದ. “ನನ್ನ ಮೊಣಕಾಲಿಗೂ ಸೂಟಿ ಐತಿ, ನೀನ ಇಡು” ಎಂದು ಗೋಡೆಗೆ ಒರಗಿ ಕೂತೆ. ಸಕ್ಕರೆ ಡಬ್ಬಿ ಹುಡುಕುವುದಕ್ಕೇ ಅವನಿಗೆ ಅರ್ಧ ತಾಸು ಬೇಕಾಯಿತು, ಡಬ್ಬಿ ಅವನ ಮೂಗಿನ ಮುಂದೆಯೇ ಇತ್ತು.

ಮರುದಿನ ರೊಟ್ಟಿ ಮಾಡಲು ಹೊರಟ. “ಅವ್ವಾ, ಹಿಟ್ಟ ಎಷ್ಟೊತ್ತ ನಾದಬೇಕು?” ಎಂದು ಕೇಳಿದ. “ನಿನ್ನ ಸೊಕ್ಕ ಇಳಿಯೂ ತನಕ” ಎಂದೆ. ಬಡಿದ ರೊಟ್ಟಿಯ ಆಕಾರ ನೋಡಿ ನಿಮ್ಮ ಮಾವ, “ಇದು ಕರ್ನಾಟಕದಾಗ ಬರತೈತೋ, ಮಹಾರಾಷ್ಟ್ರದಾಗೋ?” ಎಂದರು. ಹಂಚಿನ ಮೇಲೆ ರೊಟ್ಟಿ ಹೊತ್ತಿ, ತಿರುವಲು ಹೋಗಿ ಬೆರಳು ಸುಟ್ಟುಕೊಂಡು, ಮನೆಯೆಲ್ಲ ಹೊಗೆ. ಅಷ್ಟರಲ್ಲಿ ಹಿಂದಿನ ಮನೆಯಲ್ಲಿರುವ ಮಾಲಕಿ ಶೇವಂತಾಬಾಯಿ ಒಳಗೆ ಬಂದಳು. ಅವಳಿಗೆ ಮರಾಠಿ ಬಿಟ್ಟು ಬೇರೆ ಬಾರದು, ನನ್ನ ಮರಾಠಿ ಕಾಯಿಪಲ್ಲೆ ಸಂತೆಯಿಂದ ಆಚೆ ಹೋಗದು. ಅವಳು ಹೊಗೆಯನ್ನೂ ಗುರುಸಿದ್ದನನ್ನೂ ನೋಡಿ ನನ್ನನ್ನು ಕೇಳಿದಳು: “ಆಜ್ ಸುನೇಲಾ ಸುಟ್ಟೀ ಕಾ?” ಸೂನ ಎಂದರೆ ಸೊಸೆ ಎಂಬುದು ನನಗೆ ಗೊತ್ತು. ಮುಂದಿನ ಮಾತು ಕನ್ನಡವಾಗಿ ಕೇಳಿಸಿತು. ಸೊಸೆಯನ್ನು ಸುಟ್ಟಿಯಾ ಎಂದು ಕೇಳುತ್ತಿದ್ದಾಳಲ್ಲ ಈಕೆ! ನನ್ನ ರಕ್ತ ಕುದಿಯಿತು. “ಯಾರ ಸುಟ್ಟಾರವ್ವಾ ಸೊಸಿನ್ನ? ಅಕೀ ವಡಗಾವ್ಯಾಗ ಆರಾಮ ಅದಾಳ! ಸುಟ್ಟಿದ್ದು ರೊಟ್ಟಿ, ಸುಟ್ಟಾಂವ ಇಂವ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಐಶ್ವರ್ಯಾ ನೆಲದ ಮೇಲೆ ಬಿದ್ದು ನಕ್ಕಳು. ಮರಾಠಿಯ ಸುಟ್ಟೀ ಎಂದರೆ ನಮ್ಮ ಸೂಟಿ, ರಜೆಯಂತೆ. ಇವತ್ತು ಸೊಸೆಗೆ ಸೂಟಿಯೇನು ಎಂದು ಆ ಬಡಪಾಯಿ ಕೇಳಿದ್ದು ಇಷ್ಟೇ. ಐಶ್ವರ್ಯಾ ತಿಳಿಸಿ ಹೇಳಿದ ಮೇಲೆ ಶೇವಂತಾಬಾಯಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಗುರುಸಿದ್ದ ಮಾತ್ರ ನಗಲಿಲ್ಲ. ನಳದ ಕೆಳಗೆ ಬೆರಳು ಹಿಡಿದು ನಿಂತವನು, “ಅವ್ವಾ, ಅಕೀ ದಿನಾ ಇಷ್ಟೆಲ್ಲಾ ಮಾಡಿ ಹತ್ತಕ್ಕ ಆಫೀಸಿಗೆ ಹ್ಯಾಂಗ ಹೋಗತಾಳ?” ಎಂದ. “ಮಗಳು ನಿನ್ನ ಎತ್ತರ ಬೆಳೆದ ಮ್ಯಾಲ ಕೇಳ್ತಿಯಲ್ಲೋ. ಅಕೀನ್ನ ಕೇಳ ಹೋಗು” ಎಂದೆ. ಬಾವಿಕಟ್ಟೆ ಹತ್ತಿ ನಿನಗೆ ಫೋನ್ ಮಾಡಿದ. ನೀನು ಕಟ್ ಮಾಡಿದೆ. ಒಳ್ಳೆಯದೇ ಮಾಡಿದೆ. ಆದರೆ ಎರಡನೆಯ ಸಲವೂ ಕಟ್ ಮಾಡಿದ್ದು ಸ್ವಲ್ಪ ಹೆಚ್ಚಾಯಿತು ನೋಡು. ಅವನು ಕೆಳಗಿಳಿದು ಊಟ ಬೇಡ ಎಂದ, ಆ ಹೊತ್ತಿದ ರೊಟ್ಟಿಯನ್ನೆಲ್ಲ ನಾವೇ ತಿನ್ನಬೇಕಾಯಿತು.

ಆಮೇಲೆ ನಾನೇ ಒಂದು ಏರ್ಪಾಟು ಮಾಡಿದೆ. ಉಳಿದ ದುಡ್ಡಿನಲ್ಲಿ ಒಂದಿಷ್ಟು ಶೇವಂತಾಬಾಯಿಗೆ ಕೊಟ್ಟು ಮಧ್ಯಾಹ್ನದ ಭಾಕರಿ, ಅದೇ ಅಕ್ಕಿ ರೊಟ್ಟಿ, ಪಲ್ಯ ಅವಳಿಂದಲೇ ತರಿಸುವುದು. ನಮ್ಮಂಥವರಿಗೆಂದು ಮೀನು ಮುಟ್ಟದ ಹಂಚು ಅವಳ ಹತ್ತಿರ ಬೇರೆ ಇದೆಯಂತೆ. ನಿಮ್ಮ ಮಾವ ಹೋಗಿ ಕಣ್ಣಾರೆ ನೋಡಿ ಬಂದರು. ಬೆಳಗಿನ ಅವಲಕ್ಕಿ ಗುರುಸಿದ್ದನದು. ರಾತ್ರಿಯ ಅನ್ನ ನಿಮ್ಮ ಮಾವನದು: ಕುಕ್ಕರಿನ ಸೀಟಿ ಎಣಿಸುತ್ತಾ ಪೇಪರ್ ಓದುತ್ತಾರೆ, ಎಣಿಕೆ ತಪ್ಪಿ ಅನ್ನ ಅಂಬಲಿಯಾಗುತ್ತದೆ, ಅದಕ್ಕೇ ಮಜ್ಜಿಗೆ ಹಾಕಿ ಕುಡಿಯುತ್ತೇವೆ. “ಹಿಂಗ ಖರ್ಚ ಮಾಡಿದ್ರ ಉಳಿತಾಯ ಏನ ಉಳೀತವ್ವಾ?” ಎಂದು ಗುರುಸಿದ್ದ ಗೊಣಗಿದ. “ಹೇಂತಿ ಉಳದ್ರ ಸಾಕು” ಎಂದೆ. ಮುಂದಿನ ವರ್ಷವೂ ಮನೆಯನ್ನೇ ಬಾಡಿಗೆ ಹಿಡಿಯೋಣ, ಆದರೆ ಅಡುಗೆಯ ಮಾತು ಮೊದಲು, ಮುಂಗಡ ಆಮೇಲೆ ಎಂದು ಅವನ ಬಾಯಿಂದಲೇ ಹೇಳಿಸಿದ್ದೇನೆ.

ಶೇವಂತಾಬಾಯಿ ತಂಗಿಯ ಮಗಳ ಮದುವೆಗೆ ಸೀರೆ ಕೊಳ್ಳಲು ವಡಗಾವಿಗೇ ಬರುತ್ತಿದ್ದಾಳೆ, ಪತ್ರ ಅವಳ ಕೈಯಲ್ಲಿ ಕೊಡುತ್ತಿದ್ದೇನೆ. ಒಳ್ಳೆಯ ಅಂಗಡಿ ತೋರಿಸು. ನಿಮ್ಮ ಅವ್ವನಿಗೆ ನನ್ನ ಶರಣು ತಿಳಿಸು. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ, ನಿನ್ನ ಕುತ್ತಿಗೆಯನ್ನೂ.

ನಿನ್ನ ಅತ್ತೆ,
ಬಾಳವ್ವ

ತಾ. ಕ.: ಅಸಲು ಮಾತೇ ಉಳಿಯಿತು. ಬಸ್ಸು ತಪ್ಪುತ್ತದೆ ಎಂದು ಶೇವಂತಾಬಾಯಿ ಗೇಟಿನಲ್ಲಿ ನಿಂತು ಕೂಗುತ್ತಿದ್ದಾಳೆ. ಶನಿವಾರ ಬೆಳಿಗ್ಗೆ ಇವರೆಲ್ಲರನ್ನೂ ನಾನು ಅಸೋಗಾಕ್ಕೆ ಹೊರಡಿಸುತ್ತಿದ್ದೇನೆ. ಹೊಳೆ, ಗುಡಿ, ಬುತ್ತಿ ಎಲ್ಲ ಮುಗಿಸಿ ಬರುವುದು ದೀಪ ಹಚ್ಚುವ ಹೊತ್ತಿಗೆ. ದಿನಪೂರ್ತಿ ಮನೆಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಕೀಲಿ ಶೇವಂತಾಬಾಯಿಯ ಹತ್ತಿರ ಇರುತ್ತದೆ, ಗುರುಸಿದ್ದನಿಗೆ ಹೇಳಿಲ್ಲ. ನೀನು ಬಂದು ಬಾಗಿಲು ಹಾಕಿಕೊಂಡು, ಅವಳು ಕೊಟ್ಟದ್ದನ್ನು ಉಂಡು, ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ ಮಲಗು. ನಮ್ಮ ಮುಖ ನೋಡುವುದು ಬೇಡ ಅನಿಸಿದರೆ ಸಂಜೆಯ ಬಸ್ಸಿಗೆ ಹೋಗಿಬಿಡು, ನಾನು ಒಂದು ಮಾತೂ ಕೇಳುವುದಿಲ್ಲ. ಉಳಿದರೆ, ನಾವು ಬಂದು ಬಾಗಿಲು ಬಡಿದ ಕೂಡಲೇ ಎದ್ದು ಓಡಿ ಬರಬೇಡ. ನಿನ್ನ ಗಂಡ ಸ್ವಲ್ಪ ಹೊತ್ತು ಹೊರಗೆ ನಿಂತಿರಲಿ.